ಲಕ್ಕಿಯ ನೀರುಳ್ಳಿ ಮತ್ತು ಹೇಮಕೂಟ ಕಾಲೇಜು

ಕಾಗಾಲದ ಕೇರಿಯಲ್ಲಿ ಶುಕ್ರ ಗೌಡ ಬುದ್ವಂತನಾದದ್ದು ಬುದ್ಧಿಯಿಂದಲ್ಲ, ಅವನ ಅಪ್ಪ ಬುದ್ವಂತನಾಗಿದ್ದರಿಂದ. ಕೇರಿಗೆ ಊರಗೌಡ ಅಂತ ಒಬ್ಬರು, ಬುದ್ವಂತ ಅಂತ ಒಬ್ಬರು. ತೀರ್ಮಾನ ಕೊಡುವುದು ಊರಗೌಡರ ಕೆಲಸ, ಸಲಹೆ ಕೊಡುವುದು ಬುದ್ವಂತನ ಕೆಲಸ. ಹದಿನಾಲ್ಕು ವರ್ಷಗಳಿಂದ ಶುಕ್ರ ಈ ಹುದ್ದೆಯಲ್ಲಿದ್ದ. ಅಷ್ಟು ವರ್ಷಗಳಲ್ಲಿ ಒಂದು ಸಲವೂ ಅವನು 'ಗೊತ್ತಿಲ್ಲ' ಎಂದವನಲ್ಲ. ಗೊತ್ತಿದ್ದದ್ದೂ ಬಹಳ ಇರಲಿಲ್ಲ. ಆದರೂ ಕೇರಿ ಹೇಗೋ ನಡೆದುಕೊಂಡು ಬಂದಿತ್ತು.

ಈ ವರ್ಷ ಮಗಳು ಪವಿತ್ರಾ ಪಿಯುಸಿಯಲ್ಲಿ ನೂರಕ್ಕೆ ತೊಂಬತ್ನಾಲ್ಕು ತೆಗೆದಳು. ಬುದ್ವಂತನ ಮನೆಯಲ್ಲಿ ಮೊದಲ ಬಾರಿಗೆ ಬುದ್ಧಿ ಕಾಣಿಸಿಕೊಂಡಿತು ಎಂದು ಊರವರು ಸಂತೋಷಪಟ್ಟರು.

ಪವಿತ್ರಾಗೆ ಯಾವ ಕಾಲೇಜು ಬೇಕೆಂಬ ವಿಷಯದಲ್ಲಿ ಗೊಂದಲವೇ ಇರಲಿಲ್ಲ. ಧಾರೇಶ್ವರದ ಹತ್ತಿರ ಹೆದ್ದಾರಿಯ ಬದಿಗೆ ಜನತಾ ವಿದ್ಯಾವರ್ಧಕ ಪದವಿ ಕಾಲೇಜು ಎಂಬುದೊಂದಿತ್ತು. ಕೆಂಪು ಚಿರೆಕಲ್ಲಿನ ಹಳೆಯ ಕಟ್ಟಡವಾದ್ದರಿಂದ ಜನ ಅದನ್ನು ಕಲ್ಲಿನ ಕಾಲೇಜು ಎನ್ನುತ್ತಿದ್ದರು. ಹಿಂದಿನ ವರ್ಷ ಆ ಕಾಲೇಜಿನ ವಿಭಾ ಮೇಡಂ ಸಮುದ್ರದ ಉಬ್ಬರ ನುಗ್ಗುವ ಗಜನಿ ಗದ್ದೆಯ ಉಪ್ಪುನೀರು ತುಂಬಿಕೊಂಡು ಹೋಗಲು ಕಾಗಾಲಕ್ಕೆ ಬಂದಿದ್ದರು. ಒಂದು ಹನಿ ನೀರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪವಿತ್ರಾಳನ್ನು ಕರೆದು ತೋರಿಸಿದರು. ಅದರಲ್ಲಿ ಸೀಗಡಿಯ ಮರಿ ಕೈಕಾಲು ಆಡಿಸುತ್ತಿತ್ತು. ಅವತ್ತೇ ಅವಳು ಬಿ.ಎಸ್ಸಿ. ಎಂದು ನಿಶ್ಚಯಿಸಿದ್ದಳು. ಕಾಲೇಜನ್ನು ಇನ್ನೂ ಕಂಡಿರದಿದ್ದರೂ ಅರ್ಜಿಯನ್ನು ಅಂಚೆಗೆ ಹಾಕಿದ್ದಳು.

ತೊಂದರೆ ಇದ್ದದ್ದು ಕಾಲೇಜಿಗೆ. ಬಿ.ಎಸ್ಸಿ.ಗೆ ಹದಿನೈದು ಮಕ್ಕಳಾದರೂ ಆಗದಿದ್ದರೆ ವಿಭಾಗ ಮುಚ್ಚುತ್ತದೆ, ಶನಿವಾರ ಕಡೆಯ ದಿನ ಎಂದು ಪ್ರಾಂಶುಪಾಲರು ಹೇಳಿ ಕಳಿಸಿದ್ದರು. ಪವಿತ್ರಾ ಸೇರಿ ಒಂಬತ್ತಾಗಿತ್ತು. ಉಳಿದ ಮಕ್ಕಳೆಲ್ಲ ಎಲ್ಲಿಗೆ ಹೋದರೆಂದು ತಿಳಿಯಲು ದುರ್ಗಪ್ಪನ ಚಾದಂಗಡಿಗೆ ಹೋಗಬೇಕು.

ದುರ್ಗಪ್ಪನ ಮಗ ವಿನೋದ ಭಟ್ಕಳದ ಕಡೆ ಹೊಸದಾಗಿ ಎದ್ದ ಗಾಜಿನ ಕಾಲೇಜಿಗೆ ಸೇರಿದ್ದ. ಆ ಕಾಲೇಜನ್ನು ದುರ್ಗಪ್ಪ ಕಣ್ಣಾರೆ ಕಂಡಿರಲಿಲ್ಲ, ಮೊಬೈಲಿನಲ್ಲಿ ಮಾತ್ರ ಕಂಡಿದ್ದ. ಮೇಲಿನಿಂದ ಡ್ರೋನು ಇಳಿಯುತ್ತಿತ್ತು, ಕೆಳಗೆ ಹುಡುಗ ಹುಡುಗಿಯರು ಕಪ್ಪು ಟೋಪಿ ಗಾಳಿಗೆ ಎಸೆಯುತ್ತಿದ್ದರು. ಮೂವತ್ತು ಸೆಕೆಂಡಿನ ಆ ರೀಲಿನಲ್ಲಿ ಒಂದು ಪುಸ್ತಕವೂ ಇರಲಿಲ್ಲ ಎಂಬುದನ್ನು ಪವಿತ್ರಾ ಒಬ್ಬಳೇ ಗಮನಿಸಿದ್ದು. ದುರ್ಗಪ್ಪ ಚಾ ಕೊಡುವಾಗ ಲೋಟದ ಜೊತೆ ಮೊಬೈಲನ್ನೂ ಮುಂದಿಡುತ್ತಿದ್ದ. ರೀಲು ಮುಗಿಯುವವರೆಗೆ ಸಕ್ಕರೆ ಸಿಗುತ್ತಿರಲಿಲ್ಲ.

ಒಂದು ಸಂಜೆ ಏಳೂವರೆಯ ಧಾರಾವಾಹಿಯ ಶುರುವಿನ ಹಾಡು ನಡೆಯುತ್ತಿರುವಾಗ ದುರ್ಗಪ್ಪ ಎಲ್ಲರಿಗೂ ಕೇಳುವಂತೆ ಕೇಳಿದ:

"ಬುದ್ವಂತ್ರೇ, ನಿಮ್ಮ ಹುಡುಗಿ ಯಾವ ಕಾಲೇಜಂತೆ? ಆ ಕಲ್ಲಿಂದಲ್ಲ ತಾನೇ? ಅಲ್ಲಿ ಮಕ್ಕಳಿಗಿಂತ ಆಡಿನ ಹಾಜರಿ ಹೆಚ್ಚಂತೆ."

ಬೆಂಚಿನ ಮೇಲೆ ಊರಗೌಡರಿದ್ದರು. ಇನ್ನೂ ಏಳೆಂಟು ಜನ ಇದ್ದರು. ಎಲ್ಲರೂ ನಕ್ಕರು. ಶುಕ್ರ ತಲೆಯೆತ್ತಿದ. ಎದುರಿಗೆ ಟಿವಿ. ಅದರಲ್ಲಿ ನಾಯಕ ಬೈಕಿನ ಮೇಲೆ ಕಾಲೇಜಿನ ಗೇಟು ದಾಟಿ ಬರುತ್ತಿದ್ದ. ಬಿಳಿ ಮೆಟ್ಟಿಲು, ದಪ್ಪ ಕಂಬ, ಮೇಲೆ ಬಂಗಾರದ ಅಕ್ಷರದಲ್ಲಿ 'ಹೇಮಕೂಟ ಇಂಟರ್‌ನ್ಯಾಷನಲ್ ಕಾಲೇಜು'.

ಶುಕ್ರ ಗಲ್ಲದಿಂದ ಟಿವಿಯ ಕಡೆ ತೋರಿಸಿದ.

"ಅದೇ," ಎಂದ.

ನಗು ನಿಂತಿತು. ಅಂಗಡಿಯಲ್ಲಿ ಹಾಲು ಉಕ್ಕಿದ್ದೂ ಯಾರಿಗೂ ಕಾಣಲಿಲ್ಲ. ಆದರೆ ಊರಗೌಡರ ಹುಬ್ಬು ಗಂಟಾಯಿತು. ಟಿವಿಯ ಕಾಲೇಜೆಂದರೆ ಬೆಂಗಳೂರೇ ಇರಬೇಕು, ಹೆಣ್ಣುಮಗುವನ್ನು ಘಟ್ಟ ಹತ್ತಿಸುವ ಮಾತು ಬೇಡ ಎಂದರು. ಶುಕ್ರನಿಗೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅದೊಂದು ಒಳ್ಳೆಯ ಅವಕಾಶವಾಗಿತ್ತು. ಅವನು ಅದನ್ನು ಬಿಟ್ಟುಬಿಟ್ಟ.

"ಬೆಂಗ್ಳೂರಲ್ಲ ಗೌಡ್ರೇ. ಇಲ್ಲೇ, ತೆಂಕು ಬದಿಗೆ."

ಮನೆಗೆ ಬಂದು ಹೇಳಿದಾಗ ಹೆಂಡತಿ ಹೊನ್ನಿ ಸಂತೋಷದಿಂದ ಸೌಟು ಕೆಳಗಿಟ್ಟಳು. ಆ ಧಾರಾವಾಹಿಯ ಒಂದು ಕಂತನ್ನೂ ಅವಳು ಬಿಟ್ಟವಳಲ್ಲ. ಪವಿತ್ರಾ ಮಾತ್ರ ಒಪ್ಪಲಿಲ್ಲ.

"ಅಪ್ಪಾ, ಅದು ಟಿವಿಯವರು ಇಟ್ಟ ಹೆಸರು. ಆ ಹೆಸರಿನ ಕಾಲೇಜೇ ಇಲ್ಲ."

"ಟಿವಿಯಲ್ಲಿ ಮಳೆ ಬರ್ತದೆ ಅಂತಾರೆ, ಬರ್ತದೆ. ಕಾಲೇಜು ಒಂದೇ ಸುಳ್ಳಾ?" ಎಂದ ಶುಕ್ರ. ವಾದ ತನಗೇ ಗಟ್ಟಿಯೆನ್ನಿಸಿತು.

ಬೆಳಗಾಗುವುದರೊಳಗೆ ಸುದ್ದಿ ತದಡಿಯ ಹೊಳೆ ದಾಟಿತ್ತು. ಮಾವಳ್ಳಿಯ ಷಡ್ಡಕ ಫೋನು ಮಾಡಿ ತನ್ನ ಮಗನಿಗೂ ಒಂದು ಸೀಟು ನೋಡು ಎಂದ. ಭಟ್ಕಳದ ಬಟ್ಟೆ ಅಂಗಡಿಯ ಸಾಹೇಬರು, ಯಾರಿಂದ ನಂಬರು ಸಿಕ್ಕಿತೋ, ಮಗಳನ್ನು ಸೇರಿಸಲು ಯಾರನ್ನು ಕಾಣಬೇಕೆಂದು ವಿಚಾರಿಸಿದರು. 'ಅಘನಾಶಿನಿ ವಾರ್ತೆ' ಎಂಬ ಯೂಟ್ಯೂಬ್ ಚಾನೆಲ್ಲಿನ ಮಾಲೀಕ, ವರದಿಗಾರ, ಛಾಯಾಗ್ರಾಹಕ ಎಲ್ಲವೂ ಆಗಿದ್ದ ರಮಾನಂದ ಮೈಕು ಹಿಡಿದು ಅಂಗಳಕ್ಕೇ ಬಂದ. ಕಾಲೇಜು ಹೇಗಿದೆ ಎಂದು ಕೇಳಿದ. ಶುಕ್ರ ಗಂಟಲು ಸರಿಮಾಡಿಕೊಂಡು, ಗಾಳಿ ಬೆಳಕು ಚೆನ್ನಾಗಿದೆ ಎಂದ. ಮಧ್ಯಾಹ್ನದೊಳಗೆ ಹನ್ನೊಂದು ಸಾವಿರ ಜನ ಅದನ್ನು ನೋಡಿದರು. ಅವರಲ್ಲಿ ನಾಲ್ಕು ನೂರು ಜನ ವಿಳಾಸ ಕೇಳಿದರು. ಶುಕ್ರನಿಗೂ ಬೇಕಾಗಿದ್ದದ್ದು ಅದೇ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಊರಗೌಡರಿಂದ ಬಂತು. ಕೇರಿಯ ಹೆಣ್ಣು ಹೊಸ ಮನೆಗೆ ಹೋಗುವ ಮುಂಚೆ ಹಿರಿಯರು ಹೋಗಿ ಆ ಮನೆ ನೋಡಿ ಬರುವ ಪದ್ಧತಿಯಿದೆ. ಬಾವಿ ನೋಡುತ್ತಾರೆ, ಒಲೆ ನೋಡುತ್ತಾರೆ, ಮಾಡಿನ ಹಂಚು ಎಣಿಸುತ್ತಾರೆ. ಹುಡುಗಿ ಮೂರು ವರ್ಷ ಹೋಗಿಬರುವ ಜಾಗ, ಅದಕ್ಕೂ ಮನೆ ನೋಡುವ ಶಾಸ್ತ್ರ ಆಗಲೇಬೇಕು ಎಂದು ಗೌಡರು ತೀರ್ಮಾನ ಕೊಟ್ಟರು. ಶುಕ್ರವಾರ ಎರಡು ಟೆಂಪೊ. ದುರ್ಗಪ್ಪ ತಾನೂ ಬರುತ್ತೇನೆಂದ, ಕಾಲೇಜು ಕಾಣದಿದ್ದರೆ ಹುಡುಗಿಯ ಗತಿಯೇನೆಂದು ಮೆಲ್ಲಗೆ ಕೇಳಿದ. ಗೌಡರು ಯೋಚಿಸಿ ಅದಕ್ಕೂ ತೀರ್ಮಾನ ಕೊಟ್ಟರು. ಕಾಣದಿದ್ದರೆ ಶುಕ್ರ ಬುದ್ವಂತಿಕೆ ಬಿಡಬೇಕು, ಹುಡುಗಿ ವಿನೋದ ಹೋಗುವ ಗಾಜಿನ ಕಾಲೇಜಿಗೇ ಹೋಗಬೇಕು. ಅದಾದರೂ ಮೊಬೈಲಿನಲ್ಲಿ ಕಣ್ಣಿಗೆ ಕಾಣುತ್ತದೆ.

ಗಾಜಿನ ಕಾಲೇಜಿನಲ್ಲಿ ವಿಜ್ಞಾನವೇ ಇರಲಿಲ್ಲ. ಪವಿತ್ರಾ ಇದನ್ನು ಒಮ್ಮೆ ಹೇಳಿದಳು, ಯಾರೂ ಕೇಳಿಸಿಕೊಳ್ಳಲಿಲ್ಲ. ಆಮೇಲೆ ಅವಳು ತನ್ನ ಅಂಕಪಟ್ಟಿಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟಳು. ಅದನ್ನು ನೋಡುವುದು ಶುಕ್ರನಿಗೆ ಗೌಡರ ತೀರ್ಮಾನಕ್ಕಿಂತ ಕಷ್ಟವಾಯಿತು.

ಇಷ್ಟೆಲ್ಲ ನಡೆಯುವಾಗ ಇದರ ಗಂಧವೇ ಇಲ್ಲದೆ ಇದ್ದವಳು ಶುಕ್ರನ ಅಕ್ಕ ಲಕ್ಕಿ. ಫಾಲ್ಗುಣದಿಂದ ಮಳೆ ಹಿಡಿಯುವವರೆಗೆ ಅವಳು ಧಾರೇಶ್ವರದ ಹತ್ತಿರ ಹೆದ್ದಾರಿಯ ಬದಿಗೆ ನೀರುಳ್ಳಿ ಮಾರುತ್ತಿದ್ದಳು. ಕುಮಟೆಯ ಸಿಹಿ ನೀರುಳ್ಳಿಯನ್ನು ಸೊಪ್ಪಿನ ಸಮೇತ ಜಡೆ ಹೆಣೆದು, ಕಂಬಕ್ಕೆ ಸಾಲಾಗಿ ತೂಗುಹಾಕಿ, ಅದರಡಿಗೆ ಕೂತರೆ ಕಡೆಯ ಬಸ್ಸಿಗೇ ಏಳುವುದು. ಲಕ್ಕಿಯ ಬಗ್ಗೆ ಕೇರಿಯಲ್ಲಿ ಒಂದು ತಮಾಷೆಯಿತ್ತು. ಎರಡು ವರ್ಷದಿಂದ ಅವಳು, ತಾನು ಟಿವಿಯಲ್ಲಿ ಬಂದಿದ್ದೇನೆ ಎನ್ನುತ್ತಿದ್ದಳು. ಯಾರೋ ಕೊಡೆ, ದೀಪ, ಕ್ಯಾಮೆರಾ ತಂದಿದ್ದರಂತೆ. ಎದ್ದು ಆಚೆ ಹೋಗು ಎಂದರಂತೆ. ತನ್ನ ನೀರುಳ್ಳಿ ಏಳುವುದಿಲ್ಲ ಎಂದಳಂತೆ. ಮೂರು ಸಲ ಕೇಳಿ, ಕಡೆಗೆ ಇದ್ದುಕೋ ಅಮ್ಮಾ ಎಂದು ಕೈಮುಗಿದರಂತೆ. ಯಾವ ಟಿವಿ, ಯಾವ ಕಾರ್ಯಕ್ರಮ ಎಂದರೆ ಅವಳಿಗೆ ಗೊತ್ತಿರಲಿಲ್ಲ. ಏಳೂವರೆಗೆ ಅವಳು ಬೇಸಿಗೆಯಲ್ಲಿ ಬಸ್ಸಿನಲ್ಲಿ, ಮಳೆಗಾಲದಲ್ಲಿ ಮನೆಯಲ್ಲಿ ತೂಕಡಿಸುತ್ತಿರುತ್ತಿದ್ದಳು. ಹಾಗಾಗಿ ಅವಳ ಟಿವಿಯ ಮಾತೆತ್ತಿದರೆ ಮಕ್ಕಳೂ ನಗುತ್ತಿದ್ದರು. ಶುಕ್ರನೂ ನಕ್ಕವನೇ.

ಶುಕ್ರವಾರ ಎರಡು ಟೆಂಪೊ ಹೊರಟವು. ಮುಂದಿನದರಲ್ಲಿ ಊರಗೌಡರು, ಶುಕ್ರ, ಹೊನ್ನಿ, ಪವಿತ್ರಾ, ದುರ್ಗಪ್ಪ, ಮೊಬೈಲಿನಲ್ಲಿ ನೇರಪ್ರಸಾರ ಮಾಡುತ್ತಿದ್ದ ರಮಾನಂದ. ಹಿಂದಿನದರಲ್ಲಿ ಕೇರಿ. ಹೆಂಗಸರು ಮನೆ ನೋಡಲು ಹೋಗುವಾಗಿನ ಹಾಡು ಹೇಳುತ್ತಿದ್ದರು. ಅತ್ತೆಮನೆ ಎಂದು ಬರುವಲ್ಲೆಲ್ಲ ಕಾಲೇಜು ಎಂದು ಸೇರಿಸಿ ಹಾಡಿದರು, ತಾಳ ತಪ್ಪಲಿಲ್ಲ.

ಚಾಲಕ ಎಲ್ಲಿಗೆ ಎಂದ. ಶುಕ್ರ ಸೀದಾ ಎಂದ. ಕುಮಟೆಯಲ್ಲಿ ಎಲ್ಲರಿಗೂ ಚಾ ಆಗಲಿ ಎಂದು ನಿಲ್ಲಿಸಿದ. ಪೇಟೆ ದಾಟಿದ ಮೇಲೆ ಹಿಂದಿನ ಚಕ್ರದ ಗಾಳಿ ಕಡಿಮೆಯಿದ್ದಂತಿದೆ ಎಂದು ಮತ್ತೆ ನಿಲ್ಲಿಸಿದ. ಗಾಳಿ ಸರಿಯಾಗಿಯೇ ಇತ್ತು. ಹೊನ್ನಾವರ, ಆಮೇಲೆ ಭಟ್ಕಳ, ಆಮೇಲೆ ಜಿಲ್ಲೆಯೇ ಮುಗಿಯುತ್ತದೆ. ಅಷ್ಟರೊಳಗೆ ಕಾಲೇಜು ಸಿಗಬೇಕು, ಇಲ್ಲವೇ ಅಪಘಾತವಾದರೂ ಆಗಬೇಕು ಎಂದು ಅವನು ದೇವರಲ್ಲಿ ಕೇಳಿಕೊಂಡ. ಧಾರೇಶ್ವರ ಬರುತ್ತಲೇ ಅವನಿಗೆ ಮೂರನೆಯ ಉಪಾಯ ಹೊಳೆಯಿತು.

"ಮನೆ ನೋಡೂಕೆ ಬರಿಗೈಯಲ್ಲಿ ಹೋಗೂದೆಂತ? ಅಕ್ಕನ ಹತ್ರ ಎರಡು ಜಡೆ ನೀರುಳ್ಳಿ ತಕಂಬ್ವ."

ಟೆಂಪೊ ನಿಂತವು. ಲಕ್ಕಿ ಎದ್ದು ನಿಂತು ಇಡೀ ಕೇರಿ ರಸ್ತೆಗಿಳಿಯುವುದನ್ನು ನೋಡಿದಳು. ಯಾರು ಸತ್ತರು ಎಂದು ಕೇಳಿದಳು.

ಯಾರೂ ಸತ್ತಿಲ್ಲ, ಆದರೆ ಇನ್ನು ಸ್ವಲ್ಪ ಹೊತ್ತಿನಲ್ಲಿ ನಿನ್ನ ತಮ್ಮನ ಮಾನ ಸಾಯಲಿದೆ ಎಂಬ ಅರ್ಥದಲ್ಲಿ ದುರ್ಗಪ್ಪ ವಿಷಯ ಹೇಳಿದ. ಬೆಳಗಿನಿಂದ ಕಾದಿದ್ದ ಅವನಿಗೆ ಇನ್ನು ಭಟ್ಕಳದವರೆಗೆ ತಾಳ್ಮೆ ಇರಲಿಲ್ಲ. ಮೊಬೈಲು ತೆಗೆದು ಹಿಂದಿನ ಕಂತಿನ ದೃಶ್ಯ ಹಚ್ಚಿದ. ಬೈಕು ಗೇಟು ದಾಟಿ ಬರುವ ದೃಶ್ಯ. ಅದನ್ನು ಲಕ್ಕಿಯ ಮೂಗಿನ ಹತ್ತಿರ ಹಿಡಿದ.

"ಲಕ್ಕಕ್ಕಾ, ನೀ ಹಗಲಿಡೀ ಈ ರಸ್ತೆಲೇ ಕೂತವಳು. ನಿನ್ನ ತಮ್ಮ ಹೇಳೂ ಕಾಲೇಜು ಇದು. ಎಲ್ಲಾದ್ರೂ ಕಂಡಿದ್ಯಾ, ಹೇಳು ನೋಡ್ವ."

ಲಕ್ಕಿ ಕಣ್ಣು ಸಣ್ಣದು ಮಾಡಿ ನೋಡಿದಳು. ಬೈಕು ನೋಡಲಿಲ್ಲ, ನಾಯಕನನ್ನು ನೋಡಲಿಲ್ಲ. ಗೇಟಿನಾಚೆ, ರಸ್ತೆಯ ಬದಿಗೆ, ಮಸುಕಾಗಿ ಏನೋ ತೂಗುತ್ತಿದ್ದುದರ ಮೇಲೆ ಬೆರಳಿಟ್ಟಳು.

"ಇದು ನನ್ನ ನೀರುಳ್ಳಿ," ಎಂದಳು.

ದುರ್ಗಪ್ಪ ನಕ್ಕ. ಹೆದ್ದಾರಿಯಲ್ಲಿ ನೂರು ಜನ ನೀರುಳ್ಳಿ ಮಾರುತ್ತಾರೆ, ಎಲ್ಲ ಜಡೆಯೂ ಒಂದೇ ಎಂದ.

ಅವನು ಹಾಗೆನ್ನಬಾರದಿತ್ತು. ದುರ್ಗಪ್ಪನ ಮನೆಯಲ್ಲಿ ನೀರುಳ್ಳಿ ಬೆಳೆಯುವುದಿಲ್ಲ, ಅವನಿಗೆ ಗೊತ್ತಿಲ್ಲ. ಕೇರಿಯವರಿಗೆ ಗೊತ್ತು. ಒಂದೊಂದು ಮನೆಗೆ ಒಂದೊಂದು ಹೆಣಿಗೆ. ಶುಕ್ರನ ಅವ್ವ ಎಡಗೈಯವಳು. ಅವಳು ಹೆಣೆದರೆ ಜಡೆ ಎಡಕ್ಕೆ ಹೊರಳುತ್ತಿತ್ತು, ಏಳು ಗಡ್ಡೆಗೊಂದು ಸುತ್ತು ಬೀಳುತ್ತಿತ್ತು, ತುದಿಯಲ್ಲಿ ಮೂರು ಕುಣಿಕೆ ಇರುತ್ತಿತ್ತು. ಮಕ್ಕಳಿಬ್ಬರಿಗೂ ಹಾಗೇ ಕಲಿಸಿ ಹೋಗಿದ್ದಳು. ಕುಮಟೆಯಿಂದ ಹೊನ್ನಾವರದವರೆಗೆ ಎಡಕ್ಕೆ ಹೊರಳುವ ಜಡೆ ಲಕ್ಕಿಯ ಕಂಬದಲ್ಲಿ ಮಾತ್ರ ತೂಗುತ್ತಿತ್ತು.

ಊರಗೌಡರು ಕೈಯೆತ್ತಿದರು. ಗಡಿಕಲ್ಲಿನ ತಕರಾರಿನಲ್ಲಿ ಮಾಡುವಂತೆ ಬುದ್ವಂತನನ್ನು ಮುಂದೆ ಕರೆದರು. ರಮಾನಂದ ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡಿದ. ಶುಕ್ರ ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದ. ಮತ್ತೆ ಕಂಬದಲ್ಲಿ ತೂಗುತ್ತಿದ್ದ ಜಡೆ ನೋಡಿದ. ಮತ್ತೆ ಮೊಬೈಲು. ಏಳು ಗಡ್ಡೆ, ಒಂದು ಸುತ್ತು, ಎಡಕ್ಕೆ. ಹದಿನಾಲ್ಕು ವರ್ಷಗಳಲ್ಲಿ ಮೊದಲ ಸಲ ಅವನ ಮುಂದೆ ಬಂದ ಪ್ರಶ್ನೆಯ ಉತ್ತರ ಅವನಿಗೆ ನಿಜವಾಗಿ ಗೊತ್ತಿತ್ತು. ಹಾಗಾಗಿ ಅವನು ಇನ್ನೊಂದು ಸಲ ಎಣಿಸಿದ.

"ಇದು ನಮ್ಮವ್ವನ ಕೈ," ಎಂದ.

ಹಾಗಾದರೆ ಗೇಟು ಎಲ್ಲಿ ಎಂದು ಊರಗೌಡರು ಕೇಳಿದರು. ಲಕ್ಕಿ ಹಿಂದಕ್ಕೆ ತಿರುಗಿಯೂ ನೋಡದೆ ಹೆಬ್ಬೆರಳಿನಿಂದ ಬೆನ್ನ ಹಿಂದೆ ತೋರಿಸಿದಳು.

ಅಲ್ಲಿ ಒಂದು ತುಕ್ಕು ಹಿಡಿದ ಗೇಟಿತ್ತು. ಹೆದ್ದಾರಿಯಿಂದ ನೋಡಿದರೆ ಕಾಂಪೌಂಡು ಮತ್ತು ಹುಣಸೆಮರ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಎಲ್ಲರಿಗಿಂತ ಮುಂಚೆ ಒಳಗೆ ಹೋದವಳು ಹೊನ್ನಿ. ಹತ್ತು ಹೆಜ್ಜೆ ಹೋಗಿ, ನಿಂತು, ಎದೆಯ ಮಣಿಸರದ ಮೇಲೆ ಕೈಯಿಟ್ಟುಕೊಂಡಳು. ಮೆಟ್ಟಿಲು. ಕಂಬ. ಮೂರನೆಯ ಮೆಟ್ಟಿಲಿನಲ್ಲಿ ಧಾರಾವಾಹಿಯಲ್ಲಿ ಕಂಡ ಆ ಸೀಳು.

"ಅವಳು ಜಾರಿ ಅವನ ಕೈಮೇಲೆ ಬೀಳೂದು ಇಲ್ಲೇ," ಎಂದಳು, ದೇವಸ್ಥಾನದಲ್ಲಿ ಮಾತಾಡುವಷ್ಟು ಸಣ್ಣ ದನಿಯಲ್ಲಿ.

ಪವಿತ್ರಾ ಮೇಲಿನ ಬೋರ್ಡು ಓದಿದಳು. ಜನತಾ ವಿದ್ಯಾವರ್ಧಕ ಪದವಿ ಕಾಲೇಜು. ಟಿವಿಯವರು ಅದರ ಮೇಲೆ ತಮ್ಮ ಬೋರ್ಡು ಹೊಡೆದ ಮೊಳೆಗಳು ಇನ್ನೂ ಹಾಗೇ ಇದ್ದವು.

ಪ್ರಾಂಶುಪಾಲ ತ್ರ್ಯಂಬಕ ಹೆಗಡೆಯವರು ತಮ್ಮ ಕೋಣೆಯಲ್ಲಿ ಬಿ.ಎಸ್ಸಿ. ಮುಚ್ಚುವ ಪತ್ರ ಬರೆಯುತ್ತಿದ್ದರು. ಕಿಟಕಿಯಿಂದ ನೋಡಿದರೆ ನಲವತ್ತು ಜನ, ಮುಂದೆ ಕಂಬಳಿ ಹೊದ್ದ ಹಿರಿಯರೊಬ್ಬರು, ಪಕ್ಕದಲ್ಲಿ ಕ್ಯಾಮೆರಾ. ವಿಶ್ವವಿದ್ಯಾಲಯದ ಪರಿಶೀಲನಾ ಸಮಿತಿ ಯಾವ ದಿನವಾದರೂ ಬರಬಹುದೆಂದು ಪತ್ರ ಬಂದಿತ್ತು. ಸಮಿತಿ ಈ ವರ್ಷ ಇಷ್ಟು ದೊಡ್ಡದಾಗಿದೆ ಎಂದು ಅವರಿಗೆ ತಿಳಿಸಿರಲಿಲ್ಲ. ಊಟಕ್ಕೆ ಬರುವುದಿಲ್ಲವೆಂದು ಹೆಂಡತಿಗೆ ಫೋನು ಮಾಡಿದರು.

"ಮಹಾಲಕ್ಷ್ಮೀ, ಊಟಕ್ಕೆ ಬತ್ನಿಲ್ಲೆ. ಇಲ್ಲಿ ಎರಡು ಟೆಂಪೊ ಜನ ಇದ್ದ."

ಆಮೇಲೆ ಹನ್ನೆರಡು ಕಡತಗಳನ್ನು ಎದೆಗಪ್ಪಿಕೊಂಡು ಹೊರಗೆ ಬಂದು ಊರಗೌಡರ ಕೈಗೆ ಕೊಟ್ಟರು. ಗೌಡರು ಕೊಟ್ಟದ್ದನ್ನು ಬೇಡವೆನ್ನುವವರಲ್ಲ. ಒಂದೊಂದೇ ಹಾಳೆ ತಿರುವಿದರು, ಮುಗಿಸಲು ಇಪ್ಪತ್ತು ನಿಮಿಷ ತೆಗೆದುಕೊಂಡರು. ಪ್ರಾಂಶುಪಾಲರ ಅಂಗಿ ಬೆವರಿಗೆ ಒದ್ದೆಯಾಯಿತು.

"ಕಾಗದ ಸರಿ ಅದೆ," ಎಂದರು ಗೌಡರು. "ಬಾವಿ ಎಲ್ಲಿ?"

ಬಾವಿ ನೋಡಿದರು, ನೀರು ಸೇದಿ ಕುಡಿದು ಸಿಹಿಯಿದೆ ಎಂದರು. ಒಲೆ ಕೇಳಿದರು. ಪ್ರಯೋಗಶಾಲೆಯಲ್ಲಿ ವಿಭಾ ಮೇಡಂ ಗ್ಯಾಸಿನ ದೀಪ ಹೊತ್ತಿಸಿ ತೋರಿಸಿದರು. ಒಲೆ ಸಣ್ಣದಾಯಿತು, ಆದರೆ ಉರಿ ಚೆನ್ನಾಗಿದೆ ಎಂದು ಹೆಂಗಸರು ಒಪ್ಪಿದರು. ಮಾಡಿನಲ್ಲಿ ಹದಿನೆಂಟು ಹಂಚು ಒಡೆದಿದ್ದವು. ಮಳೆಗೆ ಮುಂಚೆ ತಾವೇ ಬಂದು ಹೊದಿಸುವುದೆಂದು ಅಲ್ಲೇ ತೀರ್ಮಾನವಾಯಿತು. ಇದು ಯಾವ ಸಮಿತಿ ಎಂದು ಪ್ರಾಂಶುಪಾಲರಿಗೆ ಈಗ ಅನುಮಾನ ಬಂತು. ಹಂಚು ಹೊದಿಸುವ ಸಮಿತಿಯನ್ನು ಅವರು ನಿವೃತ್ತಿಯ ಅಂಚಿನವರೆಗೂ ಕಂಡಿರಲಿಲ್ಲ.

ವಿಷಯ ತಿಳಿದ ಮೇಲೆ ಅವರು ಒಂದನ್ನು ಒಪ್ಪಿಕೊಂಡರು. ಎರಡು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ಆಡಳಿತ ಮಂಡಳಿಯವರು ಯಾರಿಗೋ ಎರಡು ದಿನಕ್ಕೆ ಅಂಗಳ ಬಿಟ್ಟುಕೊಟ್ಟಿದ್ದರು. ರಜೆ ಮುಗಿಸಿ ಬಂದಾಗ ಮೆಟ್ಟಿಲು, ಕಂಬಗಳಿಗೆ ಬಿಳಿ ಬಣ್ಣ ಬಿದ್ದಿತ್ತು. ಯಾರು ಬಳಿದರೆಂದು ಅವರು ವಿಚಾರಿಸಲಿಲ್ಲ, ಬಣ್ಣ ವಾಪಸು ಕೇಳಿಯಾರೆಂದು. ಮನೆಯಲ್ಲಿ ಅವರಿಗೆ ಟಿವಿ ಇರಲಿಲ್ಲ.

ದುರ್ಗಪ್ಪ ಕಡೆಯ ಪ್ರಯತ್ನವೆಂದು, ಹೆಸರು ಬೇರೆಯಲ್ಲವೇ ಎಂದ. ಗೌಡರು ಅವನನ್ನು ಮೇಲಿನಿಂದ ಕೆಳಗೆ ನೋಡಿದರು.

"ಹೆಣ್ಣು ಮದುವೆ ಆದ್ಮೇಲೆ ಹೆಸ್ರು ಬದಲಾಗೂದಿಲ್ವಾ? ಹೆಣ್ಣು ಅದೇ ಅಲ್ವಾ? ಆತು, ಸುಮ್ಮನಿರು."

ಇಷ್ಟನ್ನೂ ರಮಾನಂದನ ಮೊಬೈಲು ನೋಡುತ್ತಿತ್ತು. ರಮಾನಂದನ ಮೊಬೈಲನ್ನು ಕರಾವಳಿ ನೋಡುತ್ತಿತ್ತು. ಮಧ್ಯಾಹ್ನ ಎರಡಕ್ಕೆ ಮೊದಲ ಬೈಕು ಬಂತು. ನಾಲ್ಕಕ್ಕೆ ಮಾವಳ್ಳಿಯ ಷಡ್ಡಕ ಮಗನ ಕಿವಿ ಹಿಡಿದುಕೊಂಡು ಬಂದ. ಶನಿವಾರ ಬೆಳಿಗ್ಗೆ ಭಟ್ಕಳದ ಸಾಹೇಬರು ಮಗಳನ್ನು ಕರೆತಂದರು. ಹುಡುಗಿ ಮೆಟ್ಟಿಲಿನ ಕಡೆ ನೋಡದೆ ನೇರ ಗ್ರಂಥಾಲಯ ಎಲ್ಲಿ ಎಂದು ಕೇಳಿದ್ದಕ್ಕೆ ವಿಭಾ ಮೇಡಂ ಅವಳಿಗೆ ತಮ್ಮ ಕುರ್ಚಿ ಕೊಟ್ಟರು. ಸಂಜೆ ಐದಕ್ಕೆ ಬಾಗಿಲು ಹಾಕುವಾಗ ಬಿ.ಎಸ್ಸಿ.ಯ ಪಟ್ಟಿಯಲ್ಲಿ ಅರವತ್ತೊಂದು ಹೆಸರಿತ್ತು. ಮುಚ್ಚುವ ಪತ್ರದ ಹಿಂಬದಿಯಲ್ಲೇ ಪ್ರಾಂಶುಪಾಲರು ಎರಡನೆಯ ಸೆಕ್ಷನ್ನಿನ ವೇಳಾಪಟ್ಟಿ ಬರೆದರು.

ಅರವತ್ತೊಂದರಲ್ಲಿ ಹತ್ತು ಜನ ನಾಯಕ ಬರುವುದಿಲ್ಲವೆಂದು ತಿಳಿದ ವಾರದಲ್ಲೇ ಬಿಟ್ಟುಹೋದರು. ಉಳಿದವರು ಮೊದಲು ಮೂರನೆಯ ಮೆಟ್ಟಿಲಿನ ಮೇಲೆ ರೀಲು ಮಾಡಿ ಆಮೇಲೆ ತರಗತಿಗೆ ಬರುತ್ತಿದ್ದರು. ಹೇಗೂ ಮೆಟ್ಟಿಲು ಹತ್ತಿದ್ದಾರೆ, ಇನ್ನೊಂದು ಹೆಜ್ಜೆ ಒಳಗಿಟ್ಟರೆ ಪ್ರಯೋಗಶಾಲೆ ಎಂದು ವಿಭಾ ಮೇಡಂ ಬಾಗಿಲಿನಲ್ಲೇ ಕಾದು ನಿಲ್ಲುತ್ತಿದ್ದರು. ಪವಿತ್ರಾ ಅವರ ಪಕ್ಕದಲ್ಲಿ ಸೂಕ್ಷ್ಮದರ್ಶಕ ಒರೆಸುತ್ತಿದ್ದಳು. ಗಾಜಿನ ಕಾಲೇಜಿನಿಂದ ಟೈ ಕಟ್ಟಿದ ಒಬ್ಬರು ಬಂದು, ಈ ನೀರುಳ್ಳಿಯ ಪ್ರಚಾರ ಯಾವ ಕಂಪನಿ ಮಾಡಿಕೊಟ್ಟದ್ದು ಎಂದು ಲಕ್ಕಿಯನ್ನು ವಿಚಾರಿಸಿದರು. ಲಕ್ಕಿ ಅವರಿಗೆ ಎರಡು ಜಡೆ ಮಾರಿದಳು.

ಮಳೆ ಹಿಡಿದ ಮೇಲೆ ಲಕ್ಕಿ ಅಂಗಡಿ ಎತ್ತಿ ಕೇರಿಗೆ ಬಂದಳು. ಬಂದ ದಿನವೇ ಸಂಜೆ ಅವಳನ್ನು ದುರ್ಗಪ್ಪನ ಚಾದಂಗಡಿಗೆ ಕರೆದುಕೊಂಡು ಹೋದರು. ಊರಗೌಡರು ತಮ್ಮ ಜಾಗ ಬಿಟ್ಟು ಅವಳನ್ನು ಟಿವಿಯ ಎದುರು ಕೂರಿಸಿದರು. ದುರ್ಗಪ್ಪ ಕೇಳುವ ಮುಂಚೆಯೇ ಸಕ್ಕರೆ ಹಾಕಿದ, ಎರಡು ಚಮಚ. ಹೊರಗೆ ಮಳೆ, ಒಳಗೆ ಇಡೀ ಕೇರಿ. ಪವಿತ್ರಾ ಮಾತ್ರ ಬಂದಿರಲಿಲ್ಲ, ಅವಳಿಗೆ ಬೆಳಿಗ್ಗೆ ಪ್ರಾಕ್ಟಿಕಲ್ ಇತ್ತು. ಅದನ್ನು ಶುಕ್ರ ಬಂದವರಿಗೆಲ್ಲ ಒಬ್ಬೊಬ್ಬರಿಗೇ ಹೇಳಿದ್ದ. ಪ್ರಾಕ್ಟಿಕಲ್ ಎಂದರೆ ಎಂತ ಎಂದು ಯಾರೋ ಕೇಳಿದಾಗ ಅವನು ಬಾಯಿ ತೆರೆದು, ಟಿವಿಯ ಕಡೆ ಒಮ್ಮೆ ನೋಡಿ, ಬಾಯಿ ಮುಚ್ಚಿ, ಆಮೇಲೆ, "ಗೊತ್ತಿಲ್ಲ, ಅವಳನ್ನೇ ಕೇಳ್ಬೇಕು," ಎಂದ. ಹೇಳಿದ ಮೇಲೆ ಏನೂ ಆಗಲಿಲ್ಲ. ಮಾಡು ಕುಸಿಯಲಿಲ್ಲ. ಅವನಿಗೆ ಆಶ್ಚರ್ಯವಾಯಿತು.

ಏಳೂವರೆ ಆಯಿತು. ಶುರುವಿನ ಹಾಡಿನಲ್ಲಿ ಗೇಟು ಬಂತು, ಬೈಕು ಬಂತು. ಗೇಟಿನಾಚೆ ಎರಡೇ ಎರಡು ಸೆಕೆಂಡು ನೀರುಳ್ಳಿಯ ಜಡೆಗಳು ಎಡಕ್ಕೆ ಹೊರಳಿಕೊಂಡು ತೂಗಿದವು. ಅವುಗಳ ಅಡಿಯಲ್ಲಿ ಲಕ್ಕಿ, ಗೇಟಿನ ಕಡೆ ತಿರುಗಿ ಕೈಕಟ್ಟಿ ಕೂತು, ಏಳುವುದಿಲ್ಲ ಎಂಬ ಮುಖದಲ್ಲಿ. ಅಂಗಡಿಯ ತಗಡು ಹಾರುವಂತೆ ಚಪ್ಪಾಳೆ ಬಿತ್ತು.

ಲಕ್ಕಿ ಚಾ ಲೋಟ ಕೆಳಗಿಟ್ಟಳು.

"ನೀರುಳ್ಳಿ ಚಲೋ ಕಾಣ್ತದೆ," ಎಂದಳು. "ಮುಂದೆ ಅಡ್ಡ ಬಂದವ ಯಾರು?"